ಡಬ್ಬಿಯ ವೈಫೈ, ಸಿಮ್‌ನ ಡೇಟಾ: ಸರಿಯಾದ ದಾರಿ ಹಿಡಿಯಲು 11 ವಾರ

ಮೊನ್ನೆ ಭಾನುವಾರ ಬೆಳಿಗ್ಗೆ ಸಾಗರದ ಹತ್ತಿರದ ಒಂದು ಅಡಿಕೆ ತೋಟದಲ್ಲಿ ನಿಂತು ಮಣ್ಣಿನ ತೇವ ಅಳೆಯುವ 12ನೇ ಡಬ್ಬಿಯ ಲೆಕ್ಕವನ್ನು ಅದರದೇ ವೈಫೈ ಮೂಲಕ ಫೋನಿಗೆ ಇಳಿಸಿಕೊಂಡೆ. ಯಾವ ಸೆಟ್ಟಿಂಗನ್ನೂ ಮುಟ್ಟಲಿಲ್ಲ. ಮೊಬೈಲ್ ಡೇಟಾ ಆಫ್ ಮಾಡಲಿಲ್ಲ. ತೋಟದ ಯಜಮಾನರು ಪಕ್ಕದಲ್ಲೇ ಇದ್ದರು. ಅವರ ಫೋನಿನಲ್ಲೂ ಮಾಡಿ ನೋಡಿದೆವು, ಅಲ್ಲೂ ಬಂತು. ಇಷ್ಟಕ್ಕೆ 11 ವಾರ ಹಿಡಿಯಿತು. ಒಂದು ವಾರದ ಕೆಲಸ ಅಂದುಕೊಂಡು ಒಪ್ಪಿಕೊಂಡಿದ್ದೆ.

ವೈಫೈ ಇರುವ ಯಾವುದಾದರೂ ಉಪಕರಣದ ಜೊತೆ ಮಾತಾಡುವ ಆ್ಯಪ್ ಬರೆಯಲು ಹೊರಟವರಿಗೆ ಇದು ಉಪಯೋಗಕ್ಕೆ ಬರಬಹುದು. ಕ್ಯಾಮೆರಾ, ಪಂಪ್ ಸ್ಟಾರ್ಟರ್, ಬಲ್ಬ್, ಏನೇ ಇರಲಿ, ತೊಂದರೆ ಒಂದೇ ಜಾತಿಯದು. ನಾನು ಎಡವಿದ ಜಾಗಗಳನ್ನು ಬಂದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ಕೆಲಸ ಏನು ಅಂತ ಹೇಳಿಬಿಡುತ್ತೇನೆ. ನನ್ನ ಗೆಳೆಯನೊಬ್ಬ ಮಣ್ಣಿನ ತೇವ ಅಳೆಯುವ ಸಣ್ಣ ಡಬ್ಬಿ ಮಾಡುತ್ತಾನೆ. ಒಳಗೆ ಇಎಸ್‌ಪಿ32 ಎಂಬ ವೈಫೈ ಇರುವ ಸಣ್ಣ ಕಂಪ್ಯೂಟರ್ ಬೋರ್ಡ್, ಒಂದು ಬ್ಯಾಟರಿ, ಮಣ್ಣಿಗೆ ಚುಚ್ಚುವ ಎರಡು ಕಡ್ಡಿ. ತೋಟದ ಬೇರೆ ಬೇರೆ ಮೂಲೆಯಲ್ಲಿ ಇಂಥ 12 ಡಬ್ಬಿ. ಬೇಸಿಗೆಯಲ್ಲಿ ಯಾವ ಭಾಗಕ್ಕೆ ನೀರು ಬಿಡಬೇಕು, ಯಾವುದಕ್ಕೆ ಇನ್ನೆರಡು ದಿನ ಬೇಡ ಅಂತ ಇದರಿಂದ ಗೊತ್ತಾಗಬೇಕು. ಒಂದೊಂದು ಡಬ್ಬಿಗೂ ಸಿಮ್ ಹಾಕಿದರೆ ತಿಂಗಳ ರೀಚಾರ್ಜೇ ದೊಡ್ಡ ಖರ್ಚು. ಅದಕ್ಕೆ ಡಬ್ಬಿ ತಾನೇ ಒಂದು ಸಣ್ಣ ವೈಫೈ ಎಬ್ಬಿಸುತ್ತದೆ. ಅದರ ಹತ್ತಿರ ಹೋಗಿ ಫೋನ್ ಜೋಡಿಸಿದರೆ 192.168.4.1 ಎಂಬ ವಿಳಾಸದಲ್ಲಿ ಲೆಕ್ಕ ಸಿಗುತ್ತದೆ. ಆ್ಯಪ್ ಅದನ್ನು ಓದಿ, ಮೊಬೈಲ್ ಡೇಟಾ ಮೂಲಕ ಸರ್ವರ್‌ಗೆ ಕಳಿಸಬೇಕು. ಸರ್ವರ್ ಲೆಕ್ಕ ಹಾಕಿ ಸಲಹೆ ಹೇಳುತ್ತದೆ.

ಒಂದು ಕಡೆ ವೈಫೈ, ಇನ್ನೊಂದು ಕಡೆ ಸಿಮ್. ಎರಡೂ ಒಟ್ಟಿಗೆ ಬೇಕು. ಇದರಲ್ಲಿ ಕಷ್ಟ ಏನಿದೆ ಅಂತ ನನಗೆ ಜನವರಿ ಕೊನೆಯಲ್ಲಿ ಹೊಳೆಯಲೇ ಇಲ್ಲ.

ಮೈಸೂರಿನ ನನ್ನ ಕೋಣೆಯಲ್ಲಿ 5 ದಿನದಲ್ಲಿ ಆ್ಯಪ್ ತಯಾರಾಯಿತು. ಮೇಜಿನ ಮೇಲೆ ಡಬ್ಬಿ ಇಟ್ಟು ನೂರಾರು ಸಲ ಪರೀಕ್ಷೆ ಮಾಡಿದೆ. ಒಮ್ಮೆಯೂ ತಪ್ಪಲಿಲ್ಲ. ತಪ್ಪದೆ ಇದ್ದದ್ದಕ್ಕೆ ಕಾರಣ ಆಮೇಲೆ ಗೊತ್ತಾಯಿತು. ಅನುಕೂಲಕ್ಕೆ ಅಂತ ಡಬ್ಬಿಯನ್ನು ನಮ್ಮ ಮನೆಯ ರೌಟರ್‌ಗೇ ಜೋಡಿಸಿದ್ದೆ. ಫೋನ್ ಕೂಡ ಅದೇ ರೌಟರ್‌ನಲ್ಲಿ. ಅಂದರೆ ಡಬ್ಬಿಗೆ ಹೋಗುವ ದಾರಿ, ಸರ್ವರ್‌ಗೆ ಹೋಗುವ ದಾರಿ ಎರಡೂ ಒಂದೇ ವೈಫೈ. ತೋಟದಲ್ಲಿ ಹಾಗಿರುವುದಿಲ್ಲ ಅಲ್ವಾ? ನೀವು ಮಾಡುವಾಗ ಮೊದಲ ದಿನದಿಂದಲೇ ಉಪಕರಣವನ್ನು ಅದರ ಸ್ವಂತ ವೈಫೈಯಲ್ಲಿ, ಇಂಟರ್‌ನೆಟ್ ಇಲ್ಲದ ಹಾಗೆ ಇಟ್ಟುಕೊಂಡೇ ಪರೀಕ್ಷೆ ಮಾಡಿ. ಇದೊಂದನ್ನು ಮಾಡಿದ್ದರೆ ನನಗೆ ಎರಡು ವಾರ ಉಳಿಯುತ್ತಿತ್ತು.

ಫೆಬ್ರುವರಿಯಲ್ಲಿ ತಾಳಗುಪ್ಪ ರೈಲು ಹತ್ತಿ ಸಾಗರಕ್ಕೆ ಹೋದೆ. ತೋಟದಲ್ಲಿ ಯಜಮಾನರು, ಅವರ ಮಗ, ನಾನು. ಮೊದಲ ಡಬ್ಬಿಯ ಹತ್ತಿರ ನಿಂತು ವೈಫೈ ಜೋಡಿಸಿ ಆ್ಯಪ್ ತೆರೆದೆ. ಚಕ್ರ ತಿರುಗುತ್ತಲೇ ಇತ್ತು. 30 ಸೆಕೆಂಡ್ ಆದ ಮೇಲೆ 'ಡಬ್ಬಿ ಸಿಗುತ್ತಿಲ್ಲ' ಅಂತ ಬಂತು. ಡಬ್ಬಿ ಕಾಲಬುಡದಲ್ಲೇ ಇದೆ, ವೈಫೈ ಗುರುತು ಪೂರ್ತಿ ತೋರಿಸುತ್ತಿದೆ, ಆದರೂ ಸಿಗುತ್ತಿಲ್ಲ. ಮಗನ ಫೋನಿನಲ್ಲಿ ನೋಡಿದೆವು. ಅಲ್ಲಿ ಡಬ್ಬಿಯ ಲೆಕ್ಕ ಒಂದೇ ಸಲಕ್ಕೆ ಬಂತು, ಆದರೆ ಸರ್ವರ್‌ಗೆ ಹೋಗಲಿಲ್ಲ. ಒಂದೇ ಆ್ಯಪ್, ಒಂದೇ ಡಬ್ಬಿ, ಎರಡು ಫೋನಿನಲ್ಲಿ ಒಂದಕ್ಕೊಂದು ಉಲ್ಟಾ ತೊಂದರೆ. ಯಜಮಾನರು ಏನೂ ಅನ್ನಲಿಲ್ಲ, ಒಳಗೆ ಬನ್ನಿ ಕಾಫಿ ಕುಡಿಯೋಣ ಅಂದರು. ನನಗೆ ಕಾಫಿ ಇಳಿಯಲಿಲ್ಲ.

ವಾಪಸ್ ಬಂದು ಓದಲು ಕೂತೆ. ಸಂಗತಿ ಇಷ್ಟು. ನೆಟ್‌ವರ್ಕ್ ಇಂಟರ್‌ಫೇಸ್ ಎಂದರೆ ಫೋನಿನಿಂದ ಹೊರಗೆ ಹೋಗುವ ಬಾಗಿಲು. ವೈಫೈ ಒಂದು ಬಾಗಿಲು, ಸಿಮ್ ಒಂದು ಬಾಗಿಲು, ವಿಪಿಎನ್ (ಫೋನಿನ ಡೇಟಾವನ್ನೆಲ್ಲ ತನ್ನ ಮೂಲಕ ಸಾಗಿಸುವ ಏರ್ಪಾಡು) ಹಾಕಿದ್ದರೆ ಅದೂ ಒಂದು. ಎರಡು ಮೂರು ಬಾಗಿಲು ತೆರೆದಿದ್ದರೂ ಫೋನ್ ಒಂದನ್ನು ಮಾತ್ರ 'ಡೀಫಾಲ್ಟ್' ಎಂದು ಹಿಡಿಯುತ್ತದೆ. ಏನೂ ಹೇಳದೆ ಕಳಿಸಿದ್ದೆಲ್ಲ ಆ ಬಾಗಿಲಿನಿಂದಲೇ ಹೋಗುತ್ತದೆ. ಯಾವುದನ್ನು ಹಿಡಿಯಬೇಕು ಅಂತ ತೀರ್ಮಾನಿಸಲು ಫೋನ್ ಒಂದು ಪರೀಕ್ಷೆ ಮಾಡುತ್ತದೆ. ಹೊಸ ವೈಫೈ ಸೇರಿದ ಕೂಡಲೇ ಹೊರಗಿನ ಒಂದು ಸರ್ವರ್‌ಗೆ ಚಿಕ್ಕ ಪ್ರಶ್ನೆ ಕಳಿಸಿ, 204 ಎಂಬ ಖಾಲಿ ಉತ್ತರ ಬರುತ್ತದಾ ಅಂತ ನೋಡುತ್ತದೆ. ಬಂದರೆ ಈ ವೈಫೈಯಲ್ಲಿ ಇಂಟರ್‌ನೆಟ್ ಇದೆ. ಬರದಿದ್ದರೆ ಇಲ್ಲ.

ನಮ್ಮ ಡಬ್ಬಿಯ ವೈಫೈಯಲ್ಲಿ ಇಂಟರ್‌ನೆಟ್ ಎಲ್ಲಿಂದ ಬರಬೇಕು? ಪರೀಕ್ಷೆ ಫೇಲಾಗುತ್ತದೆ. ಆಗ ಫೋನ್ 'ಈ ವೈಫೈಯಲ್ಲಿ ಇಂಟರ್‌ನೆಟ್ ಇಲ್ಲ, ಇದರಲ್ಲೇ ಇರಬೇಕೇ?' ಎಂದು ಕೇಳುತ್ತದೆ. ನನ್ನ ಫೋನಿನಲ್ಲಿ ಅದನ್ನು ಗಮನಿಸಿರಲಿಲ್ಲ. ವೈಫೈ ಜೋಡಣೆ ಉಳಿಯಿತು, ಡೀಫಾಲ್ಟ್ ಮಾತ್ರ ಸಿಮ್ ಆಗಿಯೇ ಇತ್ತು. 192.168.4.1ಗೆ ಕೇಳಿದ್ದು ಸಿಮ್ ದಾರಿಯಲ್ಲಿ ಹೋಗಿ ಎಲ್ಲೋ ಕಳೆದುಹೋಯಿತು. ಮಗ ಅವನ ಫೋನಿನಲ್ಲಿ 'ಹೌದು' ಒತ್ತಿದ್ದ. ಅಲ್ಲಿ ವೈಫೈ ಡೀಫಾಲ್ಟ್ ಆಯಿತು. ಡಬ್ಬಿ ಸಿಕ್ಕಿತು, ಸರ್ವರ್ ಸಿಗಲಿಲ್ಲ. ಫೋನ್ ಎರಡು ಕಡೆಯೂ ತನ್ನ ನಿಯಮದ ಪ್ರಕಾರ ಸರಿಯಾಗೇ ನಡೆದುಕೊಂಡಿತ್ತು. ಯಾವುದು ಯಾವ ಬಾಗಿಲಿನಿಂದ ಹೋಗಬೇಕು ಅಂತ ಹೇಳದೆ ಇದ್ದದ್ದು ನಾನು.

ಇದು ಅರ್ಥವಾದ ಮೇಲೆ ಕೂಡ ಮೊದಲು ಸುಲಭದ ದಾರಿ ಹಿಡಿದೆ. 'ಲೆಕ್ಕ ತೆಗೆಯುವ ಮುಂಚೆ ಮೊಬೈಲ್ ಡೇಟಾ ಆಫ್ ಮಾಡಿ, ಆಮೇಲೆ ಆನ್ ಮಾಡಿ' ಎಂದು ಆ್ಯಪ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕಳಿಸಿದೆ. ಆಫ್ ಮಾಡುವುದನ್ನು ಎಲ್ಲರೂ ಮಾಡಿದರು. ಆನ್ ಮಾಡುವುದು ಮರೆತುಹೋಗುತ್ತಿತ್ತು. ಮೂರನೇ ದಿನ ಯಜಮಾನರ ಫೋನ್ ಬಂತು. 'ನಿಮ್ಮ ಆ್ಯಪ್ ಹಾಕಿದ ಮೇಲೆ ಮಗಳ ವಾಟ್ಸ್ಆ್ಯಪ್ ಮೆಸೇಜೇ ಬರ್ತಿಲ್ಲ, ನಿನ್ನೆಯಿಂದ ಕಾಯ್ತಾ ಇದೀನಿ' ಅಂದರು. ಅವರ ಮಗಳು ದೂರದ ಊರಲ್ಲಿ ಓದುತ್ತಿದ್ದಾಳೆ. ಅವತ್ತು ನನಗೆ ನಿಜವಾಗಿ ಬೇಸರವಾಯಿತು. ಆ ಸೂಚನೆಯನ್ನು ಅದೇ ರಾತ್ರಿ ತೆಗೆದುಹಾಕಿದೆ. ಬಳಸುವವರ ಕೈಯಲ್ಲಿ ಸ್ವಿಚ್ ಆಡಿಸುವ ಉಪಾಯ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಆ್ಯಪ್‌ನಿಂದಲೇ ವೈಫೈ ಆನ್ ಆಫ್ ಮಾಡುವ ಹಳೆಯ ದಾರಿಯೂ ಈಗಿಲ್ಲ. ಆಂಡ್ರಾಯ್ಡ್ 10ರಿಂದ ಸಾಮಾನ್ಯ ಆ್ಯಪ್‌ಗಳಿಗೆ ಅದನ್ನು ಮುಚ್ಚಿದ್ದಾರೆ.

ಮುಂದಿನ ಹತ್ತು ದಿನ ಇಂಟರ್‌ಫೇಸ್‌ನ ಹೆಸರು ಹಿಡಿದುಕೊಂಡು ಹೋದೆ. ಫೋನಿನಲ್ಲಿರುವ ಬಾಗಿಲುಗಳ ಪಟ್ಟಿ ತೆಗೆದರೆ ವೈಫೈಗೆ ಡಬ್ಲ್ಯುಲ್ಯಾನ್0 ಅಂತ ಹೆಸರು ಸಿಗುತ್ತದೆ. ಅದರ ಐಪಿ ವಿಳಾಸ ತೆಗೆದುಕೊಂಡು ಸಾಕೆಟ್ ಅನ್ನು, ಅಂದರೆ ಆ್ಯಪ್ ಹೊರಗೆ ಮಾತಾಡಲು ತೆರೆಯುವ ಜೋಡಣೆಯನ್ನು, ಆ ವಿಳಾಸಕ್ಕೆ ಕಟ್ಟಿಹಾಕಿದರೆ ಆಯಿತು ಅಂದುಕೊಂಡೆ. ನನ್ನ ಫೋನಿನಲ್ಲಿ ನಡೆಯಿತು. ಮಗನ ಫೋನಿನಲ್ಲಿ ನಡೆಯಲಿಲ್ಲ. ಸಾಕೆಟ್‌ಗೆ ಹೊರಡುವ ವಿಳಾಸ ಕೊಟ್ಟ ಮಾತ್ರಕ್ಕೆ ಅದು ಹೋಗುವ ದಾರಿ ಬದಲಾಗುವುದಿಲ್ಲ. ದಾರಿಯನ್ನು ಆಂಡ್ರಾಯ್ಡ್ ಒಳಗೆ ಬೇರೆಯೇ ಗುರುತು ಹಾಕಿ ತೀರ್ಮಾನಿಸುತ್ತದೆ. ಸಿಮ್ ಬಾಗಿಲಿನ ಹೆಸರಂತೂ ಫೋನಿನಿಂದ ಫೋನಿಗೆ ಬೇರೆ. ಒಂದರಲ್ಲಿ ಆರ್‌ಎಂನೆಟ್_ಡೇಟಾ0, ಇನ್ನೊಂದರಲ್ಲಿ ಸಿಸಿಎಂಎನ್‌ಐ0. ಒಳಗಿರುವ ಚಿಪ್ ಯಾವುದೋ ಅದರ ಮೇಲೆ ಹೆಸರು. ಒಂದು ಸಿಮ್‌ನಲ್ಲಿ ಹೊಸ ಬಗೆಯ ಐಪಿ ವಿಳಾಸವಾದ ಐಪಿವಿ6 ಮಾತ್ರ ಸಿಗುತ್ತಿತ್ತು, ಹಳೆಯ ಬಗೆಯ ಐಪಿವಿ4ಗೆ ಅಂತಲೇ ವಿ4- ಎಂದು ಶುರುವಾಗುವ ಇನ್ನೊಂದು ಬಾಗಿಲನ್ನು ಫೋನ್ ತಾನೇ ಸೃಷ್ಟಿಸಿಕೊಂಡಿತ್ತು. ಆ ಪಟ್ಟಿ ನೋಡಿ ನಾನು ಬರೆದ ಕೋಡ್ ಅನ್ನು ಪೂರ್ತಿ ಅಳಿಸಿದೆ. ಹೆಸರಿನಿಂದ ಹುಡುಕಬೇಡಿ. 'ನನಗೆ ವೈಫೈ ಜಾತಿಯ ನೆಟ್‌ವರ್ಕ್ ಕೊಡು', 'ಸಿಮ್ ಜಾತಿಯದು ಕೊಡು' ಎಂದು ಫೋನನ್ನೇ ಕೇಳುವ ವ್ಯವಸ್ಥೆ 2014ರ ಆಂಡ್ರಾಯ್ಡ್ 5ರಿಂದಲೇ ಇದೆ. ಕನೆಕ್ಟಿವಿಟಿ ಮ್ಯಾನೇಜರ್ ಹತ್ತಿರ ನೆಟ್‌ವರ್ಕ್ ರಿಕ್ವೆಸ್ಟ್, ಅಂದರೆ ಕೋರಿಕೆ, ಹಾಕಿದರೆ ಆಯಿತು, ಸಿಕ್ಕ ಕೂಡಲೇ ನಮ್ಮ ಕೋಡ್‌ಗೆ ಸುದ್ದಿ ತಲುಪಿಸುವ ಕಾಲ್‌ಬ್ಯಾಕ್ ಬರುತ್ತದೆ.

ಕೇಳುವುದು ಗೊತ್ತಾಯಿತು. ಸಿಕ್ಕಿದ್ದನ್ನು ಬಳಸುವಾಗ ಮತ್ತೆ ಎಡವಿದೆ. ಇದು ತುಂಬಾ ಜನ ಬೀಳುವ ಹೊಂಡ, ಅದಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಹುಡುಕಿದರೆ ಮೊದಲು ಸಿಗುವ ಉತ್ತರ 'ಬೈಂಡ್ ಪ್ರೊಸೆಸ್ ಟು ನೆಟ್‌ವರ್ಕ್'. ಒಂದೇ ಸಾಲು. ಇಡೀ ಆ್ಯಪ್ ಅನ್ನು ನೀವು ಹೇಳಿದ ನೆಟ್‌ವರ್ಕ್‌ಗೆ ಕಟ್ಟಿಬಿಡುತ್ತದೆ. ಹಾಕಿದೆ. ಡಬ್ಬಿ ತಕ್ಷಣ ಸಿಕ್ಕಿತು. ಖುಷಿಯಲ್ಲಿ ಗೆಳೆಯನಿಗೆ ರಾತ್ರಿ 11ಕ್ಕೆ ಫೋನ್ ಮಾಡಿ ಎಬ್ಬಿಸಿದೆ.

ಬೆಳಿಗ್ಗೆ ನೋಡಿದರೆ ಲಾಗಿನ್ ಕೆಲಸ ಮಾಡುತ್ತಿಲ್ಲ, ಮ್ಯಾಪ್ ಬರುತ್ತಿಲ್ಲ, ಕ್ರ್ಯಾಶ್ ವರದಿ ಕಳಿಸುವ ಲೈಬ್ರರಿ ಕೂಡ ಸುಮ್ನೆ ಕೂತಿದೆ. ಇಡೀ ಆ್ಯಪ್ ಅಂದರೆ ನಿಜವಾಗಿಯೂ ಇಡೀ ಆ್ಯಪ್, ನಾನು ಬರೆಯದ ಲೈಬ್ರರಿಗಳೂ ಸೇರಿ. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಡಬ್ಬಿಯಿಂದ ದೂರ ನಡೆದು ಬಂದು ವೈಫೈ ಕಡಿದುಹೋದರೂ ಆ ಕಟ್ಟು ಬಿಚ್ಚುವುದಿಲ್ಲ. ಇಲ್ಲದ ನೆಟ್‌ವರ್ಕ್‌ಗೆ ಆ್ಯಪ್ ಅಂಟಿಕೊಂಡೇ ಇರುತ್ತದೆ, ಹೆಸರಿನಿಂದ ವಿಳಾಸ ಹುಡುಕುವುದೂ ನಿಲ್ಲುತ್ತದೆ. ಆ್ಯಪ್ ಪೂರ್ತಿ ಮುಚ್ಚಿ ತೆರೆಯುವ ತನಕ ಏನೂ ನಡೆಯುವುದಿಲ್ಲ. ಅದೇ ಸಾಲನ್ನು ನಲ್ ಕೊಟ್ಟು ಮತ್ತೆ ಕರೆದರೆ ಕಟ್ಟು ಬಿಚ್ಚುತ್ತದೆ. ಆದರೆ ಯಾವ ಯಾವ ಗಳಿಗೆಯಲ್ಲಿ ಬಿಚ್ಚಬೇಕು ಎಂದು ಲೆಕ್ಕ ಇಡುತ್ತಾ ಇನ್ನೊಂದು ವಾರ ಹೋಯಿತು. ಕೊನೆಗೆ ಅದನ್ನೂ ಕೈಬಿಟ್ಟೆ.

ಸರಿಯಾದ ದಾರಿ ಆ್ಯಪ್ ಅನ್ನು ಕಟ್ಟುವುದಲ್ಲ, ಒಂದೊಂದು ಜೋಡಣೆಯನ್ನು ಬೇರೆ ಬೇರೆಯಾಗಿ ಕಟ್ಟುವುದು. ಕಾಲ್‌ಬ್ಯಾಕ್‌ನಲ್ಲಿ ಸಿಗುವ ನೆಟ್‌ವರ್ಕ್ ವಸ್ತುವಿಗೆ ತನ್ನದೇ ಸಾಕೆಟ್ ಫ್ಯಾಕ್ಟರಿ, ಅಂದರೆ ಆ ದಾರಿಯಲ್ಲೇ ಹೋಗುವ ಸಾಕೆಟ್ ಮಾಡಿಕೊಡುವ ಭಾಗ, ಇದೆ. ನಾನು ಸರ್ವರ್ ಜೊತೆ ಮಾತಾಡಲು ಓಕೆಎಚ್‌ಟಿಟಿಪಿ ಎಂಬ ಲೈಬ್ರರಿ ಬಳಸುತ್ತೇನೆ. ಅದರಲ್ಲಿ ಎರಡು ಕ್ಲೈಂಟ್ ಮಾಡಿದೆ. ಒಂದಕ್ಕೆ ಡಬ್ಬಿಯ ವೈಫೈ ಕೊಟ್ಟ ಸಾಕೆಟ್ ಫ್ಯಾಕ್ಟರಿ, ಇನ್ನೊಂದಕ್ಕೆ ಸಿಮ್ ಕೊಟ್ಟದ್ದು. ಉಳಿದ ಆ್ಯಪ್ ತನ್ನ ಪಾಡಿಗೆ ಡೀಫಾಲ್ಟ್‌ನಲ್ಲಿ ಇರುತ್ತದೆ. ಇದನ್ನು ಮಾಡುವಾಗ ಡಿಎನ್‌ಎಸ್, ಅಂದರೆ ಹೆಸರಿನಿಂದ ವಿಳಾಸ ಹುಡುಕುವ ಕೆಲಸ, ಮರೆಯಬೇಡಿ. ಸಾಕೆಟ್ ಸಿಮ್ ದಾರಿಯಲ್ಲಿ ಹೋದರೂ ಸರ್ವರ್‌ನ ಹೆಸರು ಹುಡುಕುವ ಕೆಲಸ ಡೀಫಾಲ್ಟ್ ದಾರಿಯಲ್ಲೇ ಹೋಗುತ್ತದೆ. ಡೀಫಾಲ್ಟ್ ವೈಫೈ ಆಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಆ ನೆಟ್‌ವರ್ಕ್ ವಸ್ತುವಿನಿಂದಲೇ ಹೆಸರು ಹುಡುಕಿಸಬೇಕು, ಅದಕ್ಕೂ ಅದರಲ್ಲಿ ಒಂದು ಫಂಕ್ಷನ್ ಇದೆ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಇದು ಹೊಳೆಯಿತು.

ಸಣ್ಣಪುಟ್ಟ ಅಡ್ಡಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ರಿಕ್ವೆಸ್ಟ್ ಹಾಕಲು ಮ್ಯಾನಿಫೆಸ್ಟ್‌ನಲ್ಲಿ (ಆ್ಯಪ್‌ಗೆ ಬೇಕಾದ ಅನುಮತಿಗಳನ್ನು ಬರೆದಿಡುವ ಕಡತ) ಚೇಂಜ್ ನೆಟ್‌ವರ್ಕ್ ಸ್ಟೇಟ್ ಅನುಮತಿ ಬೇಕು, ಇಲ್ಲದಿದ್ದರೆ ಆ್ಯಪ್ ಬಿದ್ದುಹೋಗುತ್ತದೆ. ಡಬ್ಬಿ ಮಾತಾಡುವುದು ಬರೀ ಎಚ್‌ಟಿಟಿಪಿ, ಅಂದರೆ ಗುಪ್ತಲಿಪಿಯ ರಕ್ಷಣೆ ಇಲ್ಲದ್ದು. ಆಂಡ್ರಾಯ್ಡ್ 9ರಿಂದ ಅದು ಮೊದಲೇ ಬಂದ್ ಆಗಿರುತ್ತದೆ, ಆ ಒಂದು ವಿಳಾಸಕ್ಕೆ ಮಾತ್ರ ನೆಟ್‌ವರ್ಕ್ ಸೆಕ್ಯುರಿಟಿ ಕಾನ್ಫಿಗ್‌ನಲ್ಲಿ ಬಿಟ್ಟುಕೊಡಿ. ಇಡೀ ಆ್ಯಪ್‌ಗೆ ಬಿಡಬೇಡಿ. ಕಂಪ್ಯೂಟರಿನೊಳಗೆ ಫೋನಿನಂತೆ ನಡೆಯುವ ಎಮ್ಯುಲೇಟರ್‌ನಲ್ಲಿ ಡಬ್ಬಿಯ ವೈಫೈ, ಸಿಮ್ ಎರಡರ ಆಟವನ್ನು ಪರೀಕ್ಷಿಸಲು ಆಗುವುದಿಲ್ಲ, ನಿಜವಾದ ಫೋನ್, ನಿಜವಾದ ಸಿಮ್ ಬೇಕು. ಎರಡು ಹಳೆಯ ಫೋನ್ ಕೊಂಡೆ, ಒಟ್ಟು 10,500 ರೂಪಾಯಿ. ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ.

ಮಾರ್ಚ್ ಮೊದಲ ವಾರ ಎರಡನೇ ಸಲ ತೋಟಕ್ಕೆ ಹೋದೆ. ಎರಡು ಡಬ್ಬಿ ಸರಿಯಾಗಿ ಬಂತು. ಮೂರನೆಯದರಲ್ಲಿ ಫೋನ್ ಅರ್ಧಕ್ಕೇ ವೈಫೈ ಬಿಟ್ಟು ಮನೆಯ ವೈಫೈಗೆ ಹಾರಿತು. ಒಂದು ಕಂಪನಿಯ ಫೋನ್‌ಗಳಲ್ಲಿ ಇಂಟರ್‌ನೆಟ್ ಇಲ್ಲದ ವೈಫೈಯನ್ನು ಸ್ವಲ್ಪ ಹೊತ್ತಿಗೆ ತಾನಾಗಿ ಬಿಟ್ಟುಬಿಡುವ ಏರ್ಪಾಡು ಇದೆ. ಸೆಟ್ಟಿಂಗ್ ಒಳಗೆ ನಾಲ್ಕು ಹಂತ ಹೋಗಿ ಅದನ್ನು ಆಫ್ ಮಾಡಬೇಕು. ಯಜಮಾನರಿಗೆ ಅದನ್ನು ಕಲಿಸಲು ನನಗೆ ಮನಸ್ಸಾಗಲಿಲ್ಲ.

ಇಲ್ಲಿ ನನ್ನನ್ನು ಕಾಪಾಡಿದ್ದು ವೈಫೈ ನೆಟ್‌ವರ್ಕ್ ಸ್ಪೆಸಿಫೈಯರ್. ಆಂಡ್ರಾಯ್ಡ್ 10ರಲ್ಲಿ ಬಂದದ್ದು. ಬಳಸುವವರು ಸೆಟ್ಟಿಂಗ್‌ಗೆ ಹೋಗಿ ವೈಫೈ ಸೇರುವ ಬದಲು ಆ್ಯಪ್ ತಾನೇ 'ಈ ಹೆಸರಿನ ವೈಫೈ ಬೇಕು' ಎಂದು ಕೇಳುತ್ತದೆ. ಪರದೆಯ ಮೇಲೆ ಒಂದು ಪೆಟ್ಟಿಗೆ ಬರುತ್ತದೆ, 'ಕನೆಕ್ಟ್' ಒತ್ತಿದರೆ ಸಾಕು. ಹೀಗೆ ಸೇರಿದ ವೈಫೈಯಿಂದ ಇಂಟರ್‌ನೆಟ್ ಬೇಕು ಅಂತ ಫೋನ್ ನಿರೀಕ್ಷೆಯನ್ನೇ ಇಟ್ಟುಕೊಳ್ಳುವುದಿಲ್ಲ. ಆ 204 ಪರೀಕ್ಷೆ ಇಲ್ಲ, 'ಇರಬೇಕೇ' ಎಂಬ ಪ್ರಶ್ನೆ ಇಲ್ಲ. ನಾನು ಪರೀಕ್ಷಿಸಿದ ಫೋನ್‌ಗಳಲ್ಲಿ ತಾನಾಗಿ ಬಿಟ್ಟುಬಿಡುವುದೂ ನಿಂತಿತು. ಉಳಿದ ಆ್ಯಪ್‌ಗಳು ಸಿಮ್ ಡೇಟಾದಲ್ಲೇ ಮುಂದುವರಿಯುತ್ತವೆ. ಮಗಳ ಮೆಸೇಜ್ ತಪ್ಪುವುದಿಲ್ಲ.

ಆದರೆ ಮೂರು ಮಾತು ನೆನಪಿಡಿ. ರಿಕ್ವೆಸ್ಟ್‌ನಲ್ಲಿ 'ಇಂಟರ್‌ನೆಟ್ ಇರಬೇಕು' ಎಂಬ ಷರತ್ತು ಇರಬಾರದು, ಇದ್ದರೆ ಅದನ್ನು ತೆಗೆಯಬೇಕು. ತೆಗೆಯದೆ ನಾನು ಒಂದು ಇಡೀ ಮಧ್ಯಾಹ್ನ ಬರದ ಕಾಲ್‌ಬ್ಯಾಕ್‌ಗೆ ಕಾದು ಕೂತಿದ್ದೆ. ಎರಡನೆಯದು, ಈ ಕೋರಿಕೆ ಆ್ಯಪ್ ಪರದೆಯ ಮೇಲಿದ್ದಾಗ, ಇಲ್ಲವೇ ನೋಟಿಫಿಕೇಶನ್ ತೋರಿಸುತ್ತಾ ನಡೆಯುವ ಫೋರ್‌ಗ್ರೌಂಡ್ ಸರ್ವಿಸ್ ಇದ್ದಾಗ ಮಾತ್ರ ನಡೆಯುತ್ತದೆ. ಹಿನ್ನೆಲೆಯಲ್ಲಿ ಸದ್ದಿಲ್ಲದೆ ಲೆಕ್ಕ ತೆಗೆಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಮೂರನೆಯದು, ಡಬ್ಬಿಯ ಹೆಸರಿನ ಜೊತೆ ಅದರ ಬಿಎಸ್‌ಎಸ್‌ಐಡಿ, ಅಂದರೆ ಆ ರೇಡಿಯೋದ ಗುರುತಿನ ಸಂಖ್ಯೆಯನ್ನೂ ಕೊಟ್ಟರೆ ಒಮ್ಮೆ ಒಪ್ಪಿದ ಮೇಲೆ ಮುಂದಿನ ಸಲ ಪೆಟ್ಟಿಗೆ ಬರುವುದಿಲ್ಲ. 12 ಡಬ್ಬಿಗೆ 12 ಸಲ 'ಕನೆಕ್ಟ್', ಅಲ್ಲಿಗೆ ಮುಗಿಯಿತು. ಆಂಡ್ರಾಯ್ಡ್ 10ಕ್ಕಿಂತ ಹಳೆಯ ಫೋನ್ ಇದ್ದವರು ನಮ್ಮ ಆ್ಯಪ್‌ನಲ್ಲಿ ಈಗಲೂ ಸೆಟ್ಟಿಂಗ್‌ಗೆ ಹೋಗಿಯೇ ಸೇರುತ್ತಾರೆ. ಅಂಥ ಒಬ್ಬರು ನಮ್ಮಲ್ಲಿ ಇದ್ದಾರೆ, ಅವರಿಗೆ ಬೇರೆ ಪರದೆ ಮಾಡಿದ್ದೇನೆ.

ಮಾರ್ಚ್ ಮಧ್ಯದಲ್ಲಿ ಇನ್ನೊಂದು ಏಟು ಬಿತ್ತು. ಆ್ಯಪ್ ಚೆನ್ನಾಗಿ ನಡೆಯುತ್ತಿತ್ತು. ಎರಡು ದಿನಕ್ಕೊಮ್ಮೆ ಇದ್ದಕ್ಕಿದ್ದಂತೆ ಬೀಳುತ್ತಿತ್ತು. ವರದಿಯಲ್ಲಿ 'ರಿಕ್ವೆಸ್ಟ್ ಜಾಸ್ತಿಯಾಯಿತು' ಎಂಬ ದೂರು. ಒಂದು ಆ್ಯಪ್ ಒಂದು ಹೊತ್ತಿಗೆ ಇಟ್ಟುಕೊಳ್ಳಬಹುದಾದ ಇಂಥ ಕೋರಿಕೆಗಳಿಗೆ 100ರ ಮಿತಿ ಇದೆ. ನಾನು ಪ್ರತಿ ಸಲ ಪರದೆ ತೆರೆದಾಗ ಹೊಸದು ಹಾಕುತ್ತಿದ್ದೆ, ಹಳೆಯದನ್ನು ವಾಪಸ್ ತೆಗೆಯುತ್ತಿರಲಿಲ್ಲ. ತೆಗೆಯದ ಸಿಮ್ ಕೋರಿಕೆಯಿಂದ ಬ್ಯಾಟರಿಯೂ ಇಳಿಯುತ್ತದೆ, ಯಾಕೆಂದರೆ ಮನೆಯ ವೈಫೈಯಲ್ಲಿ ಇದ್ದಾಗಲೂ ಫೋನ್ ಸಿಮ್ ಡೇಟಾವನ್ನು ಎಬ್ಬಿಸಿಯೇ ಇಟ್ಟಿರುತ್ತದೆ. ಕೆಲಸ ಆದ ಕೂಡಲೇ ಕಾಲ್‌ಬ್ಯಾಕ್ ಅನ್ನು ಅನ್‌ರಿಜಿಸ್ಟರ್ ಮಾಡಿ.

ಎಲ್ಲ ಡಬ್ಬಿಗಳ ವಿಳಾಸ ಒಂದೇ ಆಗಿದ್ದರಿಂದ ಬಂದ ತೊಂದರೆಯನ್ನು ಹಿಡಿಯುವುದು ಇನ್ನೂ ಕಷ್ಟವಾಯಿತು. 1ನೇ ಡಬ್ಬಿಯೂ 192.168.4.1, 12ನೆಯದೂ 192.168.4.1. ಒಂದರಿಂದ ಇನ್ನೊಂದಕ್ಕೆ ಹೋದಾಗ ಆ್ಯಪ್ ಹಿಂದಿನ ಡಬ್ಬಿಯ ಜೊತೆಗಿನ ಹಳೇ ಜೋಡಣೆಯನ್ನೇ ಬಳಸಲು ಹೋಗಿ ಸಿಕ್ಕಿಕೊಳ್ಳುತ್ತಿತ್ತು. ಈಗ ಒಂದೊಂದು ಡಬ್ಬಿಗೂ ಹೊಸ ಕ್ಲೈಂಟ್, ಹೊಸ ಕನೆಕ್ಷನ್ ಪೂಲ್ (ತೆರೆದ ಜೋಡಣೆಗಳನ್ನು ಮತ್ತೆ ಬಳಸಲು ಇಟ್ಟುಕೊಳ್ಳುವ ಜಾಗ) ಮಾಡುತ್ತೇನೆ. ಡಬ್ಬಿ ಕೊಡುವ ಉತ್ತರದಲ್ಲಿ ಅದರ ಸಂಖ್ಯೆಯೂ ಇರುವಂತೆ ಗೆಳೆಯನಿಗೆ ಹೇಳಿ ಬದಲಾಯಿಸಿದೆ. ಆ ಸಂಖ್ಯೆ ನೋಡಿಕೊಂಡೇ ಆ್ಯಪ್ ಲೆಕ್ಕ ಉಳಿಸುತ್ತದೆ. ಒಂದು ಮೂಲೆಯ ಲೆಕ್ಕ ಇನ್ನೊಂದು ಮೂಲೆಗೆ ಬರೆದುಹೋದರೆ ಒಣಗಿದ ಗಿಡಕ್ಕೆ ನೀರು ತಪ್ಪುತ್ತದೆ, ಅದು ಬರೀ ಬಗ್ ಅಲ್ಲ.

ಯಜಮಾನರ ಮಗನ ಫೋನಿನಲ್ಲಿ ಜಾಹೀರಾತು ತಡೆಯುವ ಆ್ಯಪ್ ಇತ್ತು. ಅದು ಒಳಗಿನಿಂದ ವಿಪಿಎನ್ ಆಗಿ ಕೆಲಸ ಮಾಡುತ್ತದೆ. ನೆಟ್‌ವರ್ಕ್ ರಿಕ್ವೆಸ್ಟ್ ಮೊದಲಿನಿಂದಲೇ ವಿಪಿಎನ್ ಬಿಟ್ಟು ಉಳಿದದ್ದನ್ನು ಹುಡುಕುವುದರಿಂದ ನಮ್ಮ ಡಬ್ಬಿ ಸಿಕ್ಕಿತು. ಆದರೆ 'ವಿಪಿಎನ್ ಇಲ್ಲದ ಜೋಡಣೆ ತಡೆ' ಎಂಬ ಸೆಟ್ಟಿಂಗ್ ಆನ್ ಮಾಡಿದ ಕೂಡಲೇ ಎಲ್ಲ ಬಂದ್. ಅದು ಬಳಸುವವರು ಬೇಕೆಂದೇ ಹಾಕಿಕೊಂಡ ಬೀಗ. ಒಡೆಯಲು ಹೋಗಬೇಡಿ, ಅರ್ಥವಾಗುವ ಒಂದು ಸಂದೇಶ ತೋರಿಸಿ.

ಇಷ್ಟೆಲ್ಲ ಆದ ಮೇಲೆ ಮಾರ್ಚ್ ಕೊನೆಯಲ್ಲಿ ಮೂರನೇ ಸಲ ಹೋದಾಗ ಮೊದಲೇ ನೋಡಬೇಕಿದ್ದ ಒಂದು ಸಂಗತಿ ಕಣ್ಣಿಗೆ ಬಿತ್ತು. ತೋಟದ ಕೆಳಗಿನ ಭಾಗ ಕಣಿವೆಯಲ್ಲಿದೆ. ಅಲ್ಲಿರುವ 5 ಡಬ್ಬಿಗಳ ಹತ್ತಿರ ಯಾವ ಸಿಮ್‌ಗೂ ಸಿಗ್ನಲ್ ಇಲ್ಲ. ಎರಡು ಬಾಗಿಲನ್ನೂ ಒಟ್ಟಿಗೆ ತೆರೆಯಲು ನಾನು ಎರಡು ತಿಂಗಳು ಹೋರಾಡಿದ್ದೆ. ಅಲ್ಲಿ ನೋಡಿದರೆ ಎರಡನೇ ಬಾಗಿಲೇ ಇಲ್ಲ. ಒಂದು ಅಡಿಕೆ ಮರದ ಬುಡದಲ್ಲಿ ಕೂತು ಮೊದಲಿನಿಂದ ಯೋಚಿಸಿದೆ. ಲೆಕ್ಕ ಸರ್ವರ್‌ಗೆ ಈ ಕ್ಷಣವೇ ಹೋಗಬೇಕಾ? ಬೇಡ. ನೀರು ಬಿಡಬೇಕೋ ಬೇಡವೋ ಎಂಬ ಸಲಹೆ ಮಾತ್ರ ಅಲ್ಲೇ ಬೇಕು. ಆ ಲೆಕ್ಕಾಚಾರ ಅಷ್ಟೇನೂ ದೊಡ್ಡದಲ್ಲ, ಫೋನ್ ಒಳಗೇ ಮಾಡಬಹುದು.

ಈಗ ಆ್ಯಪ್ ಹೀಗೆ ನಡೆಯುತ್ತದೆ. ಡಬ್ಬಿಯಿಂದ ಬಂದ ಲೆಕ್ಕ ಮೊದಲು ಫೋನಿನಲ್ಲೇ ಉಳಿಯುತ್ತದೆ. ಸಲಹೆ ಅಲ್ಲೇ ಬರುತ್ತದೆ. ಸಿಮ್ ದಾರಿಯನ್ನು 20 ಸೆಕೆಂಡ್ ಗಡುವು ಕೊಟ್ಟು ಕೇಳುತ್ತದೆ, ಸಿಕ್ಕರೆ ಕೂಡಲೇ ಕಳಿಸುತ್ತದೆ. ಈ ಗಡುವು ಕೊಡುವ ಅವಕಾಶ ಆಂಡ್ರಾಯ್ಡ್ 8ರಿಂದ ಇದೆ. ಸಿಗದಿದ್ದರೆ ಬಾಕಿ ಕೆಲಸವನ್ನು ಆಮೇಲೆ ಮಾಡಿಸುವ ಆಂಡ್ರಾಯ್ಡ್‌ನ ವರ್ಕ್‌ಮ್ಯಾನೇಜರ್‌ಗೆ ಒಪ್ಪಿಸುತ್ತದೆ. ಮನೆಗೆ ಬಂದು ಯಾವುದೋ ಒಂದು ದಾರಿ ಸಿಕ್ಕಾಗ ಅದು ತಾನಾಗಿ ಕಳಿಸುತ್ತದೆ, ವೈಫೈಯಾದರೂ ಸರಿ, ಸಿಮ್ ಆದರೂ ಸರಿ. ನೀವು ಕೋಡ್ ಬರೆಯುವ ಮುಂಚೆ ಈ ಪ್ರಶ್ನೆ ಕೇಳಿಕೊಳ್ಳಿ: ಎರಡು ನೆಟ್‌ವರ್ಕ್ ಒಂದೇ ಗಳಿಗೆಯಲ್ಲಿ ನಿಜವಾಗಿ ಬೇಕಾ? ಲೈವ್ ವಿಡಿಯೋ ಕಳಿಸುವ ಕ್ಯಾಮೆರಾ ಆಗಿದ್ದರೆ ಬೇಕು. ನನ್ನಂಥ ಕೆಲಸಕ್ಕೆ ಹೆಚ್ಚಿನ ಸಲ ಬೇಡ.

20 ಸೆಕೆಂಡ್ ಯಾಕೆ ಅಂದರೆ, ಅದಕ್ಕೂ ಒಂದು ಕಥೆ ಇದೆ. ಮೊದಲು 3 ಸೆಕೆಂಡ್ ಇಟ್ಟಿದ್ದೆ, ನನ್ನ ಫೋನಿನಲ್ಲಿ ಅಷ್ಟು ಸಾಕಾಗುತ್ತಿತ್ತು. ಡೆವಲಪರ್ ಆಯ್ಕೆಗಳಲ್ಲಿ 'ಮೊಬೈಲ್ ಡೇಟಾ ಯಾವಾಗಲೂ ಸಕ್ರಿಯ' ಎಂಬುದು ನನ್ನ ಫೋನಿನಲ್ಲಿ ಆನ್ ಇತ್ತು, ಸಿಮ್ ದಾರಿ ಯಾವಾಗಲೂ ಸಿದ್ಧವಾಗಿರುತ್ತಿತ್ತು. ಅದು ಆಫ್ ಇರುವ ಫೋನಿನಲ್ಲಿ, ಸಿಗ್ನಲ್ ಮಂಕಾಗಿರುವ ಜಾಗದಲ್ಲಿ, ದಾರಿ ಏಳಲು 10 ಸೆಕೆಂಡ್ ದಾಟಿದ್ದನ್ನೂ ನೋಡಿದೆ. ಪರೀಕ್ಷೆ ಮಾಡುವಾಗ ಅದನ್ನು ಎರಡೂ ಥರ ಇಟ್ಟು ನೋಡಿ. ಜೊತೆಗೆ ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕಳಿಸುವ ಎಡಿಬಿ ಎಂಬ ಸಾಧನದ ಮೂಲಕ 'ಡಂಪ್‌ಸಿಸ್ ಕನೆಕ್ಟಿವಿಟಿ' ಕೇಳಿದರೆ ಆ ಹೊತ್ತಿಗೆ ಯಾವ ಯಾವ ನೆಟ್‌ವರ್ಕ್ ಇದೆ, ಯಾವುದು ಡೀಫಾಲ್ಟ್, ಯಾವುದರಲ್ಲಿ ಇಂಟರ್‌ನೆಟ್ ಖಚಿತವಾಗಿದೆ ಎಂದು ಪೂರ್ತಿ ಪಟ್ಟಿ ಸಿಗುತ್ತದೆ. ಇದನ್ನು ಮೊದಲ ವಾರವೇ ಯಾರಾದರೂ ಹೇಳಿಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಐಫೋನ್ ಬಗ್ಗೆ ಸ್ವಲ್ಪ. ನಮ್ಮಲ್ಲಿ ಇಬ್ಬರೇ ಬಳಸುವವರು. ಡಬ್ಬಿಯ ವೈಫೈ ಸೇರಲು ಎನ್‌ಇಹಾಟ್‌ಸ್ಪಾಟ್ ಕಾನ್ಫಿಗರೇಶನ್ ಇದೆ, ಐಒಎಸ್ 11ರಿಂದ. ಐಒಎಸ್ 14ರಿಂದ ಮನೆಯೊಳಗಿನ ಉಪಕರಣದ ಜೊತೆ ಮಾತಾಡಲು ಲೋಕಲ್ ನೆಟ್‌ವರ್ಕ್ ಅನುಮತಿಯನ್ನೂ ಬಳಸುವವರು ಕೊಡಬೇಕು, ಯಾಕೆ ಬೇಕು ಎಂಬ ಒಂದು ವಾಕ್ಯ ನೀವು ಬರೆದಿಡಬೇಕು. ನಾನು ಅದನ್ನು ಕನ್ನಡದಲ್ಲೇ ಬರೆದೆ. ನಾವು ಸಾಮಾನ್ಯವಾಗಿ ಬಳಸುವ ಯುಆರ್‌ಎಲ್ ಸೆಷನ್‌ನಲ್ಲಿ 'ಸಿಮ್ ದಾರಿಯಲ್ಲೇ ಹೋಗು' ಎಂದು ಹೇಳಲು ಆಗುವುದಿಲ್ಲ, ಸಿಮ್ ಬೇಡ ಎನ್ನಬಹುದು ಅಷ್ಟೆ. ಇಂಥದ್ದೇ ಬಾಗಿಲು ಬೇಕು ಎನ್ನಬೇಕಾದರೆ 2018ರಲ್ಲಿ ಐಒಎಸ್ 12ರ ಜೊತೆ ಬಂದ ನೆಟ್‌ವರ್ಕ್ ಫ್ರೇಮ್‌ವರ್ಕ್‌ಗೆ ಇಳಿಯಬೇಕು. ಡಬ್ಬಿ ತನ್ನನ್ನು ಗೇಟ್‌ವೇ, ಅಂದರೆ ಹೊರಗಿನ ನೆಟ್‌ವರ್ಕ್‌ಗೆ ದಾರಿ, ಎಂದು ಹೇಳಿಕೊಳ್ಳದಿದ್ದರೆ ಐಫೋನ್ ಸಿಮ್ ಡೇಟಾವನ್ನು ಮುಂದುವರಿಸುತ್ತದೆ ಎಂದು ಓದಿ ಗೆಳೆಯ ಒಂದು ಡಬ್ಬಿಯಲ್ಲಿ ಹಾಗೆ ಮಾಡಿದ. ಐಫೋನಿನಲ್ಲಿ ಸರಿಹೋಯಿತು, ನನ್ನ ಆಂಡ್ರಾಯ್ಡ್ ಫೋನ್ ಆ ವೈಫೈ ಸೇರುವುದನ್ನೇ ನಿಲ್ಲಿಸಿತು. ವಾಪಸ್ ಮೊದಲಿನಂತೆ ಮಾಡಿದೆವು. ಲೆಕ್ಕವನ್ನು ಫೋನಿನಲ್ಲಿ ಉಳಿಸಿ ಆಮೇಲೆ ಕಳಿಸುವುದರಿಂದ ಈಗ ಅಲ್ಲೂ ತೊಂದರೆ ಇಲ್ಲ.

ಖರ್ಚು ಕೇಳುವವರಿಗೆ: ಹಳೆಯ ಫೋನ್ ಎರಡು 10,500. ಎರಡು ಕಂಪನಿಯ ಸಿಮ್, ರೀಚಾರ್ಜ್ ಸೇರಿ ಸುಮಾರು 1,800. ನಾಲ್ಕು ಸಲ ಸಾಗರಕ್ಕೆ ಹೋಗಿಬಂದದ್ದು ಸುಮಾರು 5,000. ಪ್ಲೇ ಸ್ಟೋರ್ ಖಾತೆಗೆ 25 ಡಾಲರ್, ಅದು ಒಂದೇ ಸಲ. ಐಫೋನ್‌ಗೆ ವರ್ಷಕ್ಕೆ 99 ಡಾಲರ್. ನನ್ನ ಸಮಯಕ್ಕೆ ಬೆಲೆ ಹಾಕಿಲ್ಲ. ಇನ್ನೊಮ್ಮೆ ಇಂಥ ಕೆಲಸ ಒಪ್ಪಿಕೊಂಡರೆ ಉಪಕರಣ ಇರುವ ಜಾಗಕ್ಕೆ ಮೊದಲ ವಾರವೇ ಹೋಗಿಬರುವ ಖರ್ಚನ್ನು ಮುಂಚೆಯೇ ಕೇಳುತ್ತೇನೆ.

ಮೊನ್ನೆ ಹೋದದ್ದು ನಾಲ್ಕನೇ ಸಲ. ಯಜಮಾನರು ತಮ್ಮ ಫೋನ್ ಹಿಡಿದುಕೊಂಡು ಒಬ್ಬರೇ ಕಣಿವೆಗೆ ಇಳಿದರು. ನಾನು ಮೇಲೆ ಅಂಗಳದಲ್ಲಿ ಕಾದೆ. ಮುಕ್ಕಾಲು ಗಂಟೆ ಆದ ಮೇಲೆ ಹತ್ತಿ ಬಂದರು. 'ಕೆಳಗಿನ ಸಾಲಿಗೆ ಇವತ್ತು ಬೇಡ ಅಂತ ಹೇಳ್ತಿದೆ, ಮೇಲಿನ ಎರಡಕ್ಕೆ ಬಿಡ್ಬೇಕಂತೆ' ಅಂದರು. ಅಂಗಳಕ್ಕೆ ಕಾಲಿಟ್ಟು ಒಂದು ನಿಮಿಷ ಆಗಿರಬೇಕು, ಫೋನಿನಲ್ಲಿ 12 ಡಬ್ಬಿಗಳ ಮುಂದೆಯೂ ಹಸಿರು ಗುರುತು ಒಂದೊಂದಾಗಿ ಬಂತು. ಅವರು ಅದನ್ನು ನೋಡಲೂ ಇಲ್ಲ. ಫೋನನ್ನು ಜೇಬಿಗೆ ಹಾಕಿಕೊಂಡು ಮೇಲಿನ ತೋಟದ ವಾಲ್ವ್ ತಿರುಗಿಸಲು ಹೊರಟರು.